ಹಾಸನದ ದನಿ ನಾನು ಕೇಳಿಲ್ಲ

ಹಾಸನಕ್ಕೆ ಬಂದ ಮೂರನೆಯ ದಿನ ಪೇಟೆಬೀದಿಯಲ್ಲಿ ಯಾರೋ ನನ್ನ ಜಡೆ ಹಿಡಿದು ಎಳೆದು ಚರಂಡಿ ಪಕ್ಕಕ್ಕೆ ಕೆಡವಿದರು. ತಿರುಗಿ ನೋಡಿದರೆ ನಾನು ನಡೆಯುತ್ತಿದ್ದ ಜಾಗದ ಮೇಲೆ ಬಸ್ಸು ಹಾದುಹೋಗುತ್ತಿತ್ತು. ಡ್ರೈವರು ತಲೆ ಹೊರಗೆ ಹಾಕಿ ಬಾಯಿ ಆಡಿಸುತ್ತಿದ್ದ. ಏನು ಬೈದನೋ ತಿಳಿಯಲಿಲ್ಲ. ಆಗ ನನಗೆ ಹತ್ತು ವರ್ಷ. ಹಿಂದಿನ ವರ್ಷ ಬಂದ ಜ್ವರ ಇಳಿಯುವಾಗ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು.

ದಂಡಿಗನಹಳ್ಳಿಯಲ್ಲಿ ಈ ಭಯ ಇರಲಿಲ್ಲ. ಹಿಂದಿನಿಂದ ಗಾಡಿ ಬಂದರೆ ಗಾಡಿಯವನೇ ಇಳಿದು ನನ್ನ ಹೆಗಲು ಮುಟ್ಟುತ್ತಿದ್ದ. ಶಾಲೆಯ ಮೇಷ್ಟ್ರು ಮುಂದೆ ಕೂರಿಸಿಕೊಂಡು, ಹೇಳಿದ್ದನ್ನು ಎರಡು ಮಾತಲ್ಲಿ ನನ್ನ ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಅಪ್ಪನಿಗೆ ಹಾಸನದ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿ ಊರು ಬಿಟ್ಟೆವು. ಪಟ್ಟಣದಲ್ಲಿ ದೊಡ್ಡ ಶಾಲೆ ಇರುತ್ತದೆ, ಮಗಳು ಇನ್ನೂ ಚೆನ್ನಾಗಿ ಕಲಿಯುತ್ತಾಳೆ ಎಂದು ಅವ್ವ ನಂಬಿದ್ದಳು.

ವಠಾರದ ಒಂದು ಕೋಣೆಯಲ್ಲಿ ನಮ್ಮ ಸಂಸಾರ. ಊರಿನ ದನಿಗಳೆಲ್ಲ ನನ್ನ ನೆನಪಿನಲ್ಲಿದ್ದವು: ರಾಗಿ ಬೀಸುವುದು, ಕೊಡ ತುಂಬುವುದು, ಅವ್ವ ಕೂಗುವುದು. ಹಾಸನಕ್ಕೆ ದನಿಯೇ ಇರಲಿಲ್ಲ. ಇಲ್ಲಿನವರು ಎಲೆಯಡಿಕೆ ಬಾಯಲ್ಲಿಟ್ಟುಕೊಂಡು, ಎತ್ತಲೋ ನೋಡುತ್ತ ಮಾತಾಡುತ್ತಿದ್ದರು. ಅವ್ವನ ತುಟಿಯೊಂದೇ ನನಗೆ ಅರ್ಥವಾಗುತ್ತಿದ್ದದ್ದು.

ಹೆಣ್ಣುಮಕ್ಕಳ ಶಾಲೆಗೆ ಅವ್ವನೇ ಕರೆದುಕೊಂಡು ಹೋದಳು. ಅಲ್ಲಿ ನಡೆದ ಮಾತನ್ನು ಮನೆಗೆ ಬಂದ ಮೇಲೆ ನನ್ನೆದುರು ಕೂತು ನಿಧಾನವಾಗಿ ಹೇಳಿದಳು.

“ಕಿವಿ ಓಗೈತೆ ಕಣಮ್ಮಾ, ಬುದ್ಧಿ ಓಗಿಲ್ಲ. ಓದಕ್ಕೆ ಬರೆಯಕ್ಕೆ ಬತ್ತದೆ,” ಅಂದಳಂತೆ.

“ನಲವತ್ತು ಮಕ್ಕಳನ್ನ ಬಿಟ್ಟು ಇವಳೊಬ್ಬಳ ಮುಂದೆ ನಿಂತುಕೊಳ್ಳೋಕಾಗುತ್ತೇನಮ್ಮ?” ಅಂದರಂತೆ ಮುಖ್ಯೋಪಾಧ್ಯಾಯಿನಿ.

ಅವ್ವ ಅವರ ಕಾಲು ಹಿಡಿದದ್ದನ್ನು ಮಾತ್ರ ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಕಣ್ಣಾರೆ ಕಂಡಿದ್ದೆ. ಕೊನೆಗೆ ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸಲು ಒಪ್ಪಿದರು.

ಒಂದು ತಿಂಗಳು ಹೋದೆ. ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ಇನ್ಸ್‌ಪೆಕ್ಟರು ಬಂದರು. ಅವರೇ ಉಕ್ತಲೇಖನ ಹೇಳತೊಡಗಿದರು. ಎಲ್ಲರ ತಲೆ ಒಟ್ಟಿಗೆ ಬಗ್ಗಿತು. ನನ್ನದೊಂದೇ ಎದ್ದು ನಿಂತಿತ್ತು. ಪಕ್ಕದವಳ ಸ್ಲೇಟಿನತ್ತ ಬಗ್ಗಿ ನೋಡಿದೆ. ಕಳ್ಳಿ ಎಂದುಕೊಂಡು ಅವರು ನನ್ನ ಕಿವಿ ಹಿಂಡಿದರು, ಕೇಳದ ಕಿವಿಯನ್ನೇ. ಮುಖ್ಯೋಪಾಧ್ಯಾಯಿನಿ ಏನೋ ಹೇಳಿದರು. ಇನ್ಸ್‌ಪೆಕ್ಟರು ಕೈಬಿಟ್ಟರು. ಹಾಜರಿ ಪುಸ್ತಕ ತರಿಸಿದರು. ಕೆಂಪು ಮಸಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದದ್ದನ್ನು ನಾನು ನಿಂತಲ್ಲಿಂದಲೇ ನೋಡಿದೆ.

ಅದಾದ ಮೇಲೆ ಹನ್ನೆರಡು ವರ್ಷ ಮನೆಯಲ್ಲಿ ಕೂತು ಊಟಕ್ಕೆ ಮುತ್ತುಗದ ಎಲೆ ಹಚ್ಚಿದೆ. ಅಂಗಡಿಯಿಂದ ಸಾಮಾನು ಕಟ್ಟಿ ಬಂದ ಕಾಗದವನ್ನೆಲ್ಲ ಬಿಡಿಸಿ ಓದಿದೆ. ಯುದ್ಧ ಬಂದದ್ದೂ ಮುಗಿದದ್ದೂ ನನಗೆ ಹಾಗೆಯೇ ತಿಳಿಯಿತು, ಎಷ್ಟೋ ದಿನ ತಡವಾಗಿ. ಅಷ್ಟರಲ್ಲಿ ಅವ್ವ ತೀರಿಕೊಂಡಳು. ಮನೆಯಲ್ಲಿ ನನ್ನ ಮುಖ ನೋಡಿ ಮಾತಾಡುವವರು ಇಲ್ಲವಾದರು.

ಪಕ್ಕದ ಮನೆಯ ತಿಮ್ಮಕ್ಕನ ಮಗಳು ಸಾಕಮ್ಮನಿಗೆ ಏಳು ವರ್ಷ. ಎರಡೂ ಕಾಲು ಬತ್ತಿಹೋಗಿದ್ದವು. ಅವಳನ್ನೂ ಅದೇ ಶಾಲೆಯವರು ಬೇಡವೆಂದು ಕಳಿಸಿದರು. ನಾನು ಶಾಲೆಗೆ ಅರ್ಜಿ ಬರೆದೆ. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ. ಅದನ್ನು ಜವಾನ ಹಿಂದಕ್ಕೆ ತಂದುಕೊಟ್ಟ. ಮೂರನೆಯದನ್ನು ಹಿಡಿದು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಾನೇ ಹೋದೆ. ಅದೇ ಮುಖ್ಯೋಪಾಧ್ಯಾಯಿನಿ. ತಲೆ ಬೆಳ್ಳಗಾಗಿತ್ತು.

ನನ್ನ ಮಾತು ಎಷ್ಟು ಜೋರೋ, ಎಷ್ಟು ವಕ್ರವೋ ನನಗೇ ಗೊತ್ತಿಲ್ಲ. ಬಾಗಿಲಲ್ಲಿ ನಿಂತ ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಆದರೂ ಹೇಳಿದೆ: “ಕಿವಿಯಿಲ್ಲ ಅಂತ ನನ್ನನ್ನ ಕಳಿಸಿದಿರಿ. ಇವಳಿಗೆ ಕಿವಿ ಚೆನ್ನಾಗಿದೆಯಲ್ಲಮ್ಮ. ಪಾಠ ಕೇಳೋಕೆ ಕಾಲು ಯಾಕೆ?”

ಅವರು ನನ್ನ ಕೈಯ ಅರ್ಜಿ ತೆಗೆದುಕೊಂಡು ಓದಿದರು. ಆಮೇಲೆ ನನ್ನ ಕಡೆ ತಿರುಗಿ, ಒಂದೊಂದೇ ಮಾತು ಬಿಡಿಸಿ ಕೇಳಿದರು: “ಹೊತ್ತು ತರೋರು ಯಾರು? ಬಚ್ಚಲಿಗೆ ಕರೆದೊಯ್ಯೋರು ಯಾರು?”

“ನಾನು.”

“ಹಾಗಾದರೆ ಜಗಲಿಯಲ್ಲಿ ಕೂತಿರು. ಒಳಗೆ ಬರಕೂಡದು.”

ಈಗ ಎರಡು ವರ್ಷವಾಯಿತು. ದಿನವೂ ಸಾಕಮ್ಮನನ್ನು ಒಳಗೆ ಇಳಿಸಿ, ಹೊರಗೆ ಬಂದು ಕೂತು ಎಲೆ ಹಚ್ಚುತ್ತೇನೆ. ಅವಳ ಪಕ್ಕ ಕೂರಲು ಒಪ್ಪಿದವಳು ಒಬ್ಬಳೇ. ಅವಳನ್ನೂ ಕಳೆದ ತಿಂಗಳು ಅವರಪ್ಪ ಶಾಲೆಗೆ ಬಂದು ಬೇರೆ ಕಡೆ ಕೂರಿಸಿದ. ಸಾಕಮ್ಮ ಮಾತ್ರ ಒಂದು ದಿನವೂ ತಪ್ಪಿಸಿಲ್ಲ.

ದಂಡಿಗನಹಳ್ಳಿಗೆ ಹೋದಾಗ ಅಲ್ಲಿನ ಮಕ್ಕಳು ನನ್ನನ್ನು ತೋರಿಸಿ “ಆಸನದ ಕಿವುಡಿ” ಅನ್ನುವುದು ತುಟಿಯಲ್ಲೇ ಕಾಣುತ್ತದೆ. ಇಲ್ಲಿನವರಿಗೆ ನಾನು ದಂಡಿಗನಹಳ್ಳಿ ಕಿವುಡಿ. ಯಾವ ಊರೂ ನನ್ನನ್ನು ತನ್ನವಳೆಂದು ಬರೆದುಕೊಂಡಿಲ್ಲ.

ಮೊನ್ನೆ ಮುಖ್ಯೋಪಾಧ್ಯಾಯಿನಿ ರಜೆಯಲ್ಲಿದ್ದರು. ಸಾಕಮ್ಮ ಒಳಗಿನಿಂದ ಕೈಬೀಸಿ ಕರೆದು, ನನಗೆ ಕಾಣುವಂತೆ ತುಟಿ ಬಿಡಿಸಿ ಹೇಳಿದಳು. “ಅಕ್ಕಾ, ಇವತ್ತು ಯಾರೂ ಬೈಯಕಿಲ್ಲ, ಒಳಕ್ ಬಾ ಕಣಕ್ಕಾ.” ಎದ್ದು ಹೊಸ್ತಿಲವರೆಗೆ ಹೋದೆ. ಕರಿಹಲಗೆಯ ಮೇಲಿದ್ದುದನ್ನೆಲ್ಲ ಅಲ್ಲಿಂದಲೇ ಓದಿಕೊಂಡು ಹಿಂತಿರುಗಿ ಬಂದು ಕೂತೆ.