ಕೊಂಡಿ ಹಾಕಿರೆಂದು ಕೈಮುಗಿದ ದಿನ

1992. ಬೇಡದ ರೇಡಿಯೊ ತರಂಗಗಳ ಮೂಲ ಹುಡುಕುವ ಸರ್ಕಾರಿ ವಿಭಾಗದಲ್ಲಿ ನಾನು ಎಂಜಿನಿಯರ್. ಆಪತ್ತಿಗೆ ಸಿಕ್ಕ ವಿಮಾನ, ಹಡಗುಗಳ ಕರೆಯನ್ನು ಉಪಗ್ರಹ ಆಲಿಸುತ್ತಿದ್ದುದು 121.5 ಮೆಗಾಹರ್ಟ್ಸ್‌ನಲ್ಲಿ. ಆ ಚಾನೆಲ್ಲಿನಲ್ಲಿ ವಾರಗಟ್ಟಲೆ ಒಂದು ಗೊರಗೊರ ಸದ್ದು ಕೂತುಬಿಟ್ಟಿತ್ತು. ಅದು ಏಳುತ್ತಿರುವುದು ಆಳಂದದ ಸುತ್ತಮುತ್ತ ಎಂದಷ್ಟೇ ಉಪಗ್ರಹದ ಲೆಕ್ಕ ಹೇಳಿತು. ಊರು, ಮನೆ ಹುಡುಕುವುದು ನನ್ನ ಪಾಲಿಗೆ ಬಂತು. ಹುಡುಕದೆ ಹಿಂದಿರುಗುವುದಿಲ್ಲ ಎಂದುಕೊಂಡೇ ಜೀಪ್ ಹತ್ತಿದೆ.

ತರಂಗ ಬರುವ ದಿಕ್ಕು ತೋರಿಸುವ ಆಂಟೆನಾವನ್ನು ಜೀಪಿನ ಮೇಲೆ ಕಟ್ಟಿದ್ದೆವು. ಮಾದನಹಿಪ್ಪರಗಾದಿಂದ ಒಂದು, ಆಳಂದದಿಂದ ಒಂದು ದಿಕ್ಕು ಹಿಡಿದು ನಕ್ಷೆಯಲ್ಲಿ ಗೆರೆ ಎಳೆದರೆ, ಎರಡೂ ಒಂದು ಸಣ್ಣ ಊರಿನಲ್ಲಿ ಕೂಡಿದವು. ಊರಿನ ಹೆಸರು ಬೇಡ, ಯಾಕೆಂದು ನಿಮಗೇ ತಿಳಿಯುತ್ತದೆ.

ಜೀಪ್ ಊರೊಳಗೆ ಬಂದರೆ ಸದ್ದು ನಿಲ್ಲುತ್ತಿತ್ತು, ಹೊರಗೆ ಹೋದರೆ ಮತ್ತೆ ಶುರು. ಮೂರು ಸಲ ಹೀಗಾದಾಗ ನನಗೆ ಪಿತ್ತ ನೆತ್ತಿಗೇರಿತು. ನಾಲ್ಕನೆಯ ಸಲ, ತರಂಗದ ಬಲ ತೋರಿಸುವ ಮೀಟರ್ ಬಿಟ್ಟು ಊರನ್ನು ನೋಡಿದೆ. ಗಂಡಸರು ಕೋಲು ಹಿಡಿದು, ಕಂಬದ ತಂತಿಗೆ ಸಿಕ್ಕಿಸಿದ್ದ ಕೊಂಡಿಗಳನ್ನು ಸರಸರ ಇಳಿಸುತ್ತಿದ್ದರು. ಕರೆಂಟ್ ಕಳವು ಹಿಡಿಯುವ ದಳ ಬಂತೆಂದು ತಿಳಿದಿದ್ದರು. ಕೊಂಡಿ ಇಳಿದರೆ ಕರೆಂಟ್ ಇಲ್ಲ, ಸದ್ದೂ ಇಲ್ಲ.

ಊರ ಕಟ್ಟೆಯ ಮೇಲೆ ಕೂತು, ಸೇರಿದ ಜನರಿಗೆ, ನಾವು ಆ ದಳದವರಲ್ಲ, ದಯವಿಟ್ಟು ಕೊಂಡಿ ಮತ್ತೆ ಹಾಕಿ ಎಂದು ಕೈಮುಗಿದೆ. ಕಳವು ಮಾಡಿರೆಂದು ಬೇಡಿಕೊಂಡ ಸರ್ಕಾರಿ ನೌಕರ ನಾನೊಬ್ಬನೇ ಇರಬೇಕು. ಯಾರೂ ನಂಬಲಿಲ್ಲ.

ಗುಂಪಿನಲ್ಲಿದ್ದ ಶರಣಮ್ಮ ಎಂಬ ಹಿರಿಯರು, ಆ ಸದ್ದಿನಿಂದ ಯಾರಿಗೇನು ನಷ್ಟ ಎಂದು ಕೇಳಿದರು. ಮುಳುಗುವ ಹಡಗಿನವರು ಕೂಗಿದರೂ ಈ ಗದ್ದಲದಲ್ಲಿ ಉಪಗ್ರಹಕ್ಕೆ ಕೇಳಿಸಲಿಕ್ಕಿಲ್ಲ ಎಂದೆ. ಅವರು ಮಗನ ಕಡೆ ತಿರುಗಿದರು.

“ಹಾಕ್ ಲೇ ನಮ್ಮ ಕೊಂಡಿ. ದಂಡ ಬಿದ್ರ ನಾ ನೋಡ್ಕೋತೇನಿ.”

ಮಗ ಹಾಕಿದ. ಮೀಟರಿನ ಮುಳ್ಳು ಎಗರಿತು. ದಿಕ್ಕು ಅವರ ಮನೆಗೇ! ಮಾಳಿಗೆಯ ಮೇಲಿನ ಟಿ.ವಿ. ಆಂಟೆನಾಕ್ಕೆ ಕಟ್ಟಿದ್ದ ಬೂಸ್ಟರ್ ಕೆಟ್ಟಿತ್ತು. ದೂರದ ಗುಲ್ಬರ್ಗಾದ ಚಿತ್ರಕ್ಕೆ ಬಲ ಕೊಡಬೇಕಾದ ಆ ಪೆಟ್ಟಿಗೆ, ಕೆಟ್ಟ ಮೇಲೆ ತಾನೇ ಪ್ರಸಾರಕ್ಕೆ ನಿಂತಿತ್ತು. ಶರಣಮ್ಮನವರೇ ಬಿಚ್ಚಿಸಿ ನನ್ನ ಕೈಗಿಟ್ಟರು. ಸದ್ದು ನಿಂತಿತು. ನನಗೆ ಕುಣಿಯುವಷ್ಟು ಖುಷಿ.

“ಸಾಹೇಬ್ರ, ಇಷ್ಟು ದಿನದಾಗ ಯಾರರ ಕರದಿದ್ರೇನ್ರಿ?” ಎಂದು ಕೇಳಿದರು.

ಗೊತ್ತಿಲ್ಲ, ಕರೆದಿದ್ದರೂ ನಮಗೆ ಕೇಳುತ್ತಿರಲಿಲ್ಲ ಎಂದೆ. ಹೇಳುತ್ತಿದ್ದಂತೆ ಖುಷಿಯೆಲ್ಲ ಇಳಿದುಹೋಯಿತು.

ವರದಿಯಲ್ಲಿ ಬೂಸ್ಟರ್ ಬರೆದೆ, ಕೊಂಡಿ ಬರೆಯಲಿಲ್ಲ. ಗದ್ದಲ ಎಷ್ಟು ಜೋರಿತ್ತೆಂದು ಅಳೆಯಬಹುದು, ಅದರಡಿ ಯಾರ ದನಿ ಹೂತುಹೋಯಿತೆಂದು ಯಾವ ಮೀಟರೂ ಹೇಳುವುದಿಲ್ಲ. ನಿವೃತ್ತನಾಗುವವರೆಗೂ ಆ ಚಾನೆಲ್ಲಿನ ದೂರು ಬಂದಾಗ, ನಾಳೆ ಹೋದರಾಯಿತು ಎಂದು ನಾನು ಒಮ್ಮೆಯೂ ಅನ್ನಲಿಲ್ಲ.