ಸಾಲು ತುಂಬಿಸಿದ ಮಾತು

ನಮ್ಮ ಮನೆತನದ ಪುಸ್ತಕ ಬರೆದವಳು ನಾನು. ಯುಗಾದಿ ಮರುದಿನ ವರ್ಷತೊಡಕಿನ ಊಟಕ್ಕೆ ಎಲ್ಲರೂ ಸೇರಿದಾಗ ಹಂಚಬೇಕಿತ್ತು. ನಾಲ್ಕು ತಲೆಮಾರಿನ ಹುಟ್ಟು, ಮದುವೆ, ಊರು ಯಾವುದರಲ್ಲೂ ನನ್ನ ಕೈಬರಹದಲ್ಲಿ ತಪ್ಪಿರಲಿಲ್ಲ. ಎಡವಟ್ಟಾದದ್ದು ಪುಟ ಜೋಡಿಸಲು ಕೊಟ್ಟ ಪೀಣ್ಯದ ಡಿಟಿಪಿ ಅಂಗಡಿಯಲ್ಲಿ.

ಫೋಟೊಗಳ ಪಕ್ಕ ಕಿರಿದಾದ ಕಾಲಂ. ‘ಚಿಕ್ಕಬಾಣಾವರದಲ್ಲಿದ್ದಾರೆ’ ಎಂಬ ಉದ್ದದ ಪದ ಕೆಳಗಿನ ಸಾಲಿಗೆ ಇಳಿದು, ಮೇಲೆ ನನ್ನ ಮೈದುನನ ಹೆಸರೊಂದೇ ಉಳಿದಿತ್ತು. ಕಂಪ್ಯೂಟರ್ ಅದನ್ನೇ ಎಳೆದು ಸಾಲು ತುಂಬಿಸಿತ್ತು: ರಂ   ಗ   ಸ್ವಾ   ಮಿ. ಮದುವೆ ಪತ್ರಿಕೆಯಲ್ಲಿ ತನ್ನ ಹೆಸರು ಕೆಳಗೆ ಬಂತೆಂದು ಊಟ ಬಿಟ್ಟು ಎದ್ದು ಹೋದ ಮನುಷ್ಯ ಅವನು. ಇದನ್ನು ಕಂಡರೆ ಮತ್ತೆ ನಮ್ಮ ಹೊಸಿಲು ತುಳಿಯುತ್ತಿರಲಿಲ್ಲ.

"ಅಕ್ಷರಗಳನ್ನು ಹತ್ತಿರ ತನ್ನಿ," ಅಂದೆ.

"ಆಗ ಬಲಗಡೆ ಅಂಚು ನೇರ ಬರಲ್ಲ ಮೇಡಂ, ಹಲ್ಲು ಉದುರಿದಂಗೆ ಕಾಣತ್ತೆ," ಅಂದರು ಅಂಗಡಿಯ ಮಂಜಣ್ಣ. "ಬೇಕಾದ್ರೆ ಆ ಉದ್ದದ ಪದಾನ ಮೇಲಕ್ಕೆ ತುರುಕ್ತೀನಿ."

ತುರುಕಿದರು. ಒತ್ತಕ್ಷರಗಳೆಲ್ಲ ಫ್ಯಾಕ್ಟರಿ ಶಿಫ್ಟ್ ಬಿಟ್ಟ ಹೊತ್ತಿನ ಬಸ್ಸಿನ ಜನರಂತೆ ಒಂದರ ಮೇಲೊಂದು ಬಿದ್ದವು.

"ಅಕ್ಷರ ಮುಟ್ಟಬೇಡಿ. ಜಾಗ ಇದ್ದರೆ ಮಾತು ಸೇರಿಸೋಣ. ಹೆಸರಿಗೆ ಮುಂಚೆ ‘ಶಾಂತ ಸ್ವಭಾವದ’ ಅಂತ ಹಾಕಿ."

"ಅಷ್ಟೊಂದು ಶಾಂತಾನಾ ಮೇಡಂ ಅವರು?"

"ಸಾಲು ತುಂಬಿತಾ ನೋಡಿ."

ಅಳೆದು ಹೊಲಿದಂತೆ ತುಂಬಿತು.

ರಂಗಸ್ವಾಮಿ ಊಟಕ್ಕೆ ಬಂದ, ಪುಸ್ತಕ ಓದಿದ, ಹೆಚ್ಚಿಗೆ ಪ್ರತಿ ಕೇಳಿ ಒಯ್ದ. ಈಗ ಯಾವ ಜಗಳವಾದರೂ ಮೇಜು ಗುದ್ದಿ ಕೂಗುತ್ತಾನೆ: "ನಾನು ಶಾಂತ ಸ್ವಭಾವದವನು ಅಂತ ಅತ್ತಿಗೆನೇ ಅಚ್ಚು ಹಾಕ್ಸಿದ್ದಾರೆ, ತೆಗೆದು ನೋಡ್ರೋ!"