ಮಹಡಿ ಮೇಲಿನ ಮಳಿಗೆಯಲ್ಲಿ ಹೆಣ್ಣು ನೋಡಿದ್ದು

ಖಾಲಿ ಬಿದ್ದ ಮಾಲ್‌ಗಳನ್ನು ವಾಸದ ಮನೆಗಳಾಗಿ ಮಾಡುವ ಹೊಸ ವಿಚಾರವೊಂದು ಹೊರದೇಶದಲ್ಲಿ ಹುಟ್ಟಿದೆಯೆಂದು ಬೆಳಗಿನ ಪತ್ರಿಕೆಯಲ್ಲಿ ಓದಿ ಕಾಫಿ ಲೋಟ ಕೆಳಗಿಟ್ಟೆ. ಹೊಸದಂತೆ! ಎಂಬತ್ತರ ದಶಕದಲ್ಲೇ ಚಿಂತಾಮಣಿಯಲ್ಲಿ ನಮ್ಮ ಕುಟುಂಬ ಈ ಮಹಾಪ್ರಯೋಗವನ್ನು ನಡೆಸಿ ಮುಗಿಸಿತ್ತು. ಯಾರೂ ಬಂದು ವಿಚಾರಿಸಲಿಲ್ಲ, ಅಷ್ಟೆ.

ಮಾಲ್ ಎಂಬುದು ಆಗ ನಮ್ಮ ಕಡೆ ಬಂದಿರಲಿಲ್ಲ; ಕಾಂಪ್ಲೆಕ್ಸ್ ಬಂದಿತ್ತು. ಮಹನೀಯರೊಬ್ಬರು ಎರಡಂತಸ್ತಿನದನ್ನೇ ಕಟ್ಟಿಸಿದರು. ಕೆಳಗಿನ ಮಳಿಗೆಗಳು ತುಂಬಿದವು, ಮೇಲಕ್ಕೆ ನೊಣವೂ ಹತ್ತಲಿಲ್ಲ. "ಮೆಟ್ಲು ಹತ್ತಿ ಸಾಮಾನು ತಗೊಳ್ಳೋ ಜನ ಅಲ್ಲ ಮೇಷ್ಟ್ರೇ ನಮ್ಮೋರು. ನೀವಾದ್ರೂ ಇದ್ಬಿಡಿ" ಎಂದು, ವರ್ಗವಾಗಿ ಬಂದು ಮನೆ ಸಿಗದೆ ಅಲೆಯುತ್ತಿದ್ದ ನಮ್ಮಪ್ಪನಿಗೆ ಒಂದು ಮಳಿಗೆ ಕೊಟ್ಟರು. ಬಟ್ಟೆ ಅಂಗಡಿಗೆಂದು ಗೋಡೆ ತುಂಬ ಹೊಡೆಸಿದ್ದ ಹಲಗೆಗಳ ಮೇಲೆ ಸ್ವಂತ ಬಟ್ಟೆ ಜೋಡಿಸಿಕೊಂಡು ಸಂಸಾರ ಹೂಡಿದೆವು. ಕಿಟಕಿಯಿಲ್ಲ, ಶಟರ್ ಎತ್ತಿದರೆ ಹಗಲು, ಇಳಿಸಿದರೆ ರಾತ್ರಿ. ಹೊಸಿಲಂತೂ ಇಲ್ಲವೇ ಇಲ್ಲ. ಶುಕ್ರವಾರ ಅಮ್ಮ ಶಟರನ್ನು ಅರ್ಧ ಇಳಿಸಿ, ಅದರ ಕಬ್ಬಿಣದ ಅಂಚಿಗೇ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಲಕ್ಷ್ಮಿ ಬಗ್ಗಿಯೇ ಒಳಬರಬೇಕಿತ್ತು.

ತಂಗಿ ನಾಗುವಿಗೆ ಗಂಡು ಹುಡುಕುವ ತನಕ ಇದೆಲ್ಲ ತಮಾಷೆ. "ಅಂಗಡೀಲಿ ವಾಸ ಇರೋರಂತೆ" ಎಂಬ ಮಾತಿಗೇ ಎರಡು ಸಂಬಂಧ ತಪ್ಪಿದವು. ಮೂರನೆಯದೂ ತಪ್ಪಿದರೆ ಇನ್ನು ಯಾರ ಮುಂದೆಯೂ ಕೂರುವುದಿಲ್ಲವೆಂದು ಅವಳು ಹೇಳಿಬಿಟ್ಟ ಮೇಲೆ, ಸಾದಲಿಯವರು ಗಂಡನ್ನು ಕರೆದುಕೊಂಡು ಬಂದರು. ಅಮ್ಮ ಸಿಮೆಂಟು ನೆಲ ಮುಚ್ಚಲು ಹಾಸಿಗೆ ಹಾಸಿ, ಮೇಲೆ ಬಿಳಿ ಬಟ್ಟೆ ಎಳೆದಿದ್ದಳು.

ಗಂಡಿನ ತಾಯಿ ಸುತ್ತ ಕಣ್ಣಾಡಿಸಿದರು. "ಬಾಗ್ಲೇ ಇಲ್ವಲ್ಲ ಮೇಷ್ಟ್ರೇ?"

"ಮೇಲಿದೆ" ಎಂದರು ಅಪ್ಪ, ಸುತ್ತಿಕೊಂಡಿದ್ದ ಶಟರಿನತ್ತ ಗಂಭೀರವಾಗಿ ಕೈ ತೋರಿಸಿ.

ನಾಗು ಹಸಿರು ರೇಷ್ಮೆಯುಟ್ಟು ತಲೆ ತಗ್ಗಿಸಿ ಕೂತಳು. ಅಷ್ಟರಲ್ಲಿ, ಜರಿ ಸೀರೆಯವರ ಹಿಂಡು ಮಹಡಿ ಹತ್ತಿದ್ದನ್ನು ಕಂಡ ಆಂಧ್ರದ ಗಡಿ ಕಡೆಯ ಹೆಂಗಸೊಬ್ಬಳು ತಾನೂ ಹತ್ತಿ ಬಂದು, ಚಪ್ಪಲಿ ಬಿಟ್ಟು, ಗಂಡಿನ ತಾಯಿಯ ಪಕ್ಕದಲ್ಲೇ ಬಿಳಿ ಹಾಸಿನ ಮೇಲೆ ಕೂತಳು. ಹಲಗೆಯ ಮೇಲಿನ ಸೀರೆಗಳನ್ನೂ ನಾಗುವನ್ನೂ ನೋಡಿ, "ಆ ಪಚ್ಚ ಚೀರ ಎಂತಪ್ಪಾ?" ಎಂದು ಅಪ್ಪನಲ್ಲಿ ಹಸಿರು ಸೀರೆಯ ಬೆಲೆ ಕೇಳಿದಳು.

ಅಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ನಡುವೆ ಬಂದಳು.

ನಾಗು ತಲೆಯೆತ್ತಿದಳು. "ಇದು ಮಾರಕ್ಕಲ್ಲಮ್ಮ. ಇವರೆಲ್ಲ ನನ್ನ ನೋಡಕ್ಕೆ ಬಂದಿರೋದು. ಬಂದಿದ್ದೀರ, ಉಪ್ಪಿಟ್ಟು ತಿಂದ್ಕೊಂಡು ಹೋಗಿ."

ಆಕೆ ಏಳಲಿಲ್ಲ. ನಾಗುವನ್ನು ಮತ್ತೊಮ್ಮೆ ನಿಧಾನವಾಗಿ ನೋಡಿ ಗಂಡಿನ ತಾಯಿಯತ್ತ ತಿರುಗಿದಳು. "ಪಿಲ್ಲ ಬಾಗುಂದಮ್ಮಾ, ತೀಸ್ಕೋ." ಹುಡುಗಿ ಚೆನ್ನಾಗಿದ್ದಾಳೆ, ತಗೋ ಎಂದು, ಸೀರೆಗೆ ಹೇಳುವ ಧಾಟಿಯಲ್ಲೇ ಶಿಫಾರಸು ಮಾಡಿ ತಟ್ಟೆಗೆ ಕೈ ಚಾಚಿದಳು.

ಗಂಡಿನ ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀನು ಹೇಳಿದ್ಮೇಲೆ ಇನ್ನೇನಮ್ಮ, ತಗೊಂಡೇ ಹೋಗ್ತೀನಿ!"

ಪತ್ರಿಕೆ ಮಡಿಸಿ ನಾಗುವಿಗೆ ಫೋನು ಮಾಡಿದೆ. ಆ ಹೊತ್ತು ಅವಳ ಅತ್ತೆಯ ಮುಖವನ್ನೇ ನಾವೆಲ್ಲ ನೋಡುತ್ತ ಕೂತಿದ್ದನ್ನು ನೆನಪಿಸಿದೆ.

"ನೀವು ಅತ್ತೇನ ನೋಡ್ತಿದ್ರಿ ಕಣಣ್ಣ" ಎಂದಳು. "ತಲೆ ಎತ್ತಿದ್ನಲ್ಲ, ನಾನು ಇವರನ್ನ ನೋಡ್ದೆ. ಪಾಪ, ನನಗಿಂತ ಜಾಸ್ತಿ ಹೆದರ್ಕೊಂಡು ಕೂತಿದ್ರು. ಆಗ್ಲೇ ಒಪ್ಕೊಂಡ್ಬಿಟ್ಟೆ."

ಇಷ್ಟು ವರ್ಷ ನಾನು, ಅಂದು ಆರಿಸಿದವರು ಸಾದಲಿಯವರೆಂದೇ ತಿಳಿದಿದ್ದೆ.